ಎಷ್ಟು ತೆಗೆಯಲಿ?

ಅಕ್ರಾದಲ್ಲಿ, ಹಣಕಾಸು ಸಚಿವಾಲಯದ ಗೇಟಿನೆದುರು
ನನ್ನದೊಂದು ಪೆಟ್ಟಿಗೆ ಅಂಗಡಿ. ನೀಲಿ ಬಣ್ಣ.
ಬಾಗಿಲ ಮೇಲೆ ಹನ್ನೊಂದು ತಲೆಗಳ ಚಿತ್ರ.
ಹನ್ನೆರಡನೆಯವನಿಗೆ ಬಣ್ಣ ಸಾಲಲಿಲ್ಲ,
ಕಿವಿಯಿದೆ, ಕೂದಲಿಲ್ಲ.

ಅರ್ಥಶಾಸ್ತ್ರ ಓದಿದವನಲ್ಲ ನಾನು.
ಸರ್ಕಾರದ ಕೈ ಬಿಚ್ಚಿದೆಯೋ ಬಿಗಿದಿದೆಯೋ
ಜನರ ಹಿಂಗತ್ತು ನೋಡಿ ಹೇಳಬಲ್ಲೆ.
ಮೇಲ್ಸೇತುವೆ ಕಟ್ಟಿದ ಎರಡು ವರ್ಷ
ಸಿಮೆಂಟು ಮೆತ್ತಿದ ತಲೆಗಳು ಸಾಲುಗಟ್ಟಿದವು:
ಶುಕ್ರವಾರ ಬಟವಾಡೆ, ಭಾನುವಾರ ಚರ್ಚು,
ನಡುವೆ ನಾನು.
ಎರಡನೇ ಕುರ್ಚಿ ಕೊಂಡೆ. ತಮ್ಮನ ಮಗ ಅಡೋಟೆಗೆ
ಮಷಿನ್ ಹಿಡಿಯಲು ಕಲಿಸಿದೆ.
ಪಕ್ಕದಲ್ಲಿ ಕೆಂಕೆ ಮಾರುವವಳು ಇನ್ನೊಂದು ಹಂಡೆ ಇಟ್ಟಳು.
ಆ ದುಡ್ಡು ಸಾಲದ್ದೆಂದು ಆಗ ಯಾರೂ ಹೇಳಲಿಲ್ಲ.
ಹೇಳಿದ್ದರೆ ಬೇಡವೆನ್ನುತ್ತಿದ್ದೆನೆ?

ಆಮೇಲೆ ಸೆಡಿ ಬಿತ್ತು.
ಎಲ್ಲಿ ಬಿತ್ತು ಅಂದರೆ ನನ್ನ ಬ್ಲೇಡಿನ ಮೇಲೆ:
ಪ್ಯಾಕೆಟ್ಟಿಗೆ ಹನ್ನೆರಡಿದ್ದದ್ದು ಮೂವತ್ತೊಂದು.
ವಾರ ತಪ್ಪದ ಗುಮಾಸ್ತರು
ಹಬ್ಬಕ್ಕೊಮ್ಮೆ ಬಂದರು, ಚೌಕಾಸಿ ಮಾಡಿದರು.
ಇಡೀ ಊರಿನ ಕೂದಲು ಬೆಳೆಯಿತು.
ಅಡೋಟೆ ತೇಮಾ ಬಂದರಿಗೆ ಮೂಟೆ ಹೊರಲು ಹೋದ.

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಿತ್ತು
ಎಂದಿತು ರೇಡಿಯೋ.
ಇರಬಹುದು.
ಚಾಚಿದ ಕಾಲು ಯಾರದು,
ಈಗ ಹಾಸಿಗೆ ಬಿಟ್ಟು ನೆಲಕ್ಕಿಳಿ ಅನ್ನುತ್ತಿರುವುದು ಯಾರಿಗೆ,
ಅಷ್ಟು ಕೇಳುವಷ್ಟರಲ್ಲಿ ಜಾಹೀರಾತು ಬಂತು.

ಒಂದು ಸೋಮವಾರ ಕೆಂಪು ಬಟ್ಟೆ ತೊಟ್ಟು
ಪಿಂಚಣಿದಾರರು ಬಂದು ಗೇಟಿನೆದುರು ಕುರ್ಚಿ ಹಾಕಿದರು.
ಹತ್ತು ನಿಮಿಷ ಘೋಷಣೆ, ಆಮೇಲೆ ಮಾತ್ರೆ ನುಂಗುವ ಹೊತ್ತು.
ದೇಶಕ್ಕೆ ಸಾಲ ಕೊಟ್ಟವರು ಲಂಡನ್ನಿನಲ್ಲಿ
ಗಾಜಿನ ಕಟ್ಟಡದಲ್ಲಿ ಇರುತ್ತಾರೆಂದುಕೊಂಡಿದ್ದೆ.
ಇವರೂ ಕೊಟ್ಟವರೇ.
ಮೂವತ್ತೆಂಟು ವರ್ಷ ಹೆರಿಗೆ ಮಾಡಿಸಿದ ಡೇಡೇ ಆಂಕ್ರಾ,
ಉಳಿಸಿದ್ದನ್ನೆಲ್ಲ ಬಾಂಡಿಗೆ ಹಾಕಿದವಳು,
ಬಿಸಿಲು ತಾಳದೆ ಒಳಗೆ ಬಂದು ಕೂತಳು.

"ಲಾಂಟೆ, ಇದು ನಿನ್ನ ಕಸುಬಿನ ಮಾತು, ಬಿಡಿಸಿ ಹೇಳು.
ನನ್ನ ಬಾಂಡಿಗೆ ಹೇರ್‌ಕಟ್ ಅಂತೆ."

ಪತ್ರ ಓದಿದೆ. ಬಡ್ಡಿ ಅರ್ಧ.
ಅಸಲು ಹದಿನೈದು ವರ್ಷ ಆಚೆಗೆ.
ತಲೆ ಬೋಳಿಸುವುದಕ್ಕೆ ಎಷ್ಟು ನಯವಾದ ಹೆಸರು!
"ಕತ್ತರಿಸಿದ್ದು ಮತ್ತೆ ಬೆಳೆಯುತ್ತೆ ತಾಯಿ"
ಅಂದುಬಿಟ್ಟೆ, ದಿನಾ ಅಂದು ಅಭ್ಯಾಸ.
"ನನಗೆ ಎಪ್ಪತ್ತಮೂರು" ಅಂದಳು.
ಕನ್ನಡಿಯಲ್ಲಿ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಸ್ವಲ್ಪ ಹೊತ್ತಿಗೆ ತಾನೇ ನಕ್ಕಳು:
"ನನ್ನ ಸಂಬಳವೂ ಸಾಲದ್ದೇ ಇದ್ದೀತು, ಅಲ್ಲವೇನೋ?
ಅವರು ತಂದು ನನಗೆ ಕೊಟ್ಟರು,
ನಾನು ಉಳಿಸಿ ಅವರಿಗೇ ಕೊಟ್ಟೆ.
ನಡುವೆ ಎರಡು ಸಾವಿರ ಮಕ್ಕಳು ಹುಟ್ಟಿದರು.
ಅದನ್ನು ಯಾವ ಖಾತೆಗೆ ಬರೆದಿದ್ದಾರೋ."

ಮೂರು ಗಂಟೆಗೆ, ಕುರ್ಚಿಗಳ ಕಣ್ಣು ತಪ್ಪಿಸಿ
ಚರಂಡಿ ಸುತ್ತಿ ಬಂದ ಸೆಲಾಸಿ, ಸಾಲ ವಿಭಾಗದ ಹುಡುಗ.
ಆ ಪತ್ರದ ಕೆಳಗೆ ಸಹಿ ಅವನದು.
"ಎಷ್ಟು ತೆಗೆಯಲಿ?"
"ಸ್ವಲ್ಪ. ಮೇಲೆ ಮೇಲೆ."
ತಂತಮ್ಮ ತಲೆಗೆ ಎಲ್ಲರೂ ಹಾಗೇ ಅನ್ನುತ್ತಾರೆ.

ನಾನು ಕೇಳದಿದ್ದರೂ ಹೇಳಿದ:
"ಈಗ ಕತ್ತರಿಸದಿದ್ದರೆ ಬರುವ ವರ್ಷ
ಹೆರಿಗೆ ವಾರ್ಡಿನಲ್ಲಿ ಹತ್ತಿಯೂ ಇರುವುದಿಲ್ಲ."
ಸುಳ್ಳು ಹೇಳುವವರ ಕುತ್ತಿಗೆ ಬಿಗಿಯುತ್ತದೆ.
ಅವನದು ಬಿಗಿಯಲಿಲ್ಲ.

ಅರ್ಧ ತಲೆ ಆಗಿತ್ತು, ಕರೆಂಟು ಹೋಯಿತು.
ಮಷಿನ್ ನಿಂತ ಮೌನದಲ್ಲಿ ಹೊರಗಿನ ಕೆಮ್ಮು ಕೇಳಿಸಿತು.
ಗಾಳಿಗೆಂದು ಬಾಗಿಲು ತೆರೆದೆ.
ಡೇಡೇ ಆಂಕ್ರಾ ಕೂತಲ್ಲಿಂದಲೇ ನೋಡಿದಳು:
ಒಂದು ಕಡೆ ಅಧಿಕಾರಿ, ಒಂದು ಕಡೆ ಕೈದಿ.
ಮೀಟಿಂಗ್ ನಾಲ್ಕಕ್ಕೆ, ಅಂದ ಅವನು.

ಕತ್ತರಿ ಎತ್ತಿಕೊಂಡೆ.
ಕತ್ತರಿಗೆ ಕರೆಂಟು ಬೇಡ, ಬೆಳಕು ಸಾಕು.
ಅವಳು ತನ್ನ ಕುರ್ಚಿಯನ್ನು ಒಂದು ಮೊಳ ಪಕ್ಕಕ್ಕೆಳೆದಳು,
ಬಾಗಿಲಿಗೆ ಬೀಳುತ್ತಿದ್ದ ತನ್ನ ನೆರಳು
ಸರಿಯಲೆಂದು.